ಹಾಡು ಕೇಳುವ ಪ್ರಶ್ನೆ

ಸಂಡೇ ಸ್ಕೂಲಿನಲ್ಲಿ ಏನು ಕಲಿತಿರಿ ಎಂದು ನಲವತ್ತು ದಾಟಿದ ಯಾವ ಕ್ರೈಸ್ತರನ್ನಾದರೂ ಕೇಳಿ ನೋಡಿ. ಟೀಚರ್ ಕೊಟ್ಟ ವಿವರಣೆ ಒಂದೂ ನೆನಪಿರುವುದಿಲ್ಲ. ಬಾಯಿಪಾಠ ಒಪ್ಪಿಸಿ ಬಹುಮಾನ ಗಿಟ್ಟಿಸಿದ ವಚನಗಳಲ್ಲಿ ಒಂದೆರಡು ತುಂಡುಗಳು ಹೊರಬಂದರೆ ಹೆಚ್ಚು. ಆದರೆ ಹಾಡು ಬರುತ್ತದೆ, ಅದರ ಕೈಸನ್ನೆ ಸಮೇತ ಬರುತ್ತದೆ. ಹೇಳುವವರಿಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಕಥೆಯೂ ಬರುತ್ತದೆ. ಸಿಂಹಗಳ ಗವಿಯಲ್ಲಿ ದಾನಿಯೇಲ, ಮೀನಿನ ಹೊಟ್ಟೆಯಲ್ಲಿ ಯೋನ, ಮರ ಹತ್ತಿ ಕೂತ ಗಿಡ್ಡ ಜಕ್ಕಾಯ. ಹೀಗಿರುವಾಗ, ಮಕ್ಕಳಿಗೆ ಕಲಿಸಬೇಕಾದರೆ ಕಥೆ ಹಾಡು ಎರಡನ್ನೂ ಸೇರಿಸಿ ಕಲಿಸಿ ಎಂಬ ಸಲಹೆಗೆ ಯಾರ ತಕರಾರೂ ಇರಲಾರದು. ನನಗೂ ಇಲ್ಲ. ಸೇರಿಸುವುದು ಅಂದರೇನು ಎಂಬುದನ್ನು ಮಾತ್ರ ನಾವು ಸಾಕಷ್ಟು ಯೋಚಿಸಿಲ್ಲ ಎಂಬ ಅನುಮಾನ ನನ್ನದು.

ಸೋಮಂದೇಪಲ್ಲಿಯನ್ನು ಎದುರಿಗಿಟ್ಟುಕೊಂಡು ಯೋಚಿಸೋಣ. ಬೆಂಗಳೂರಿನಿಂದ ಹೈದರಾಬಾದಿನ ಕಡೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಪೆನುಕೊಂಡೆ ತಲುಪುವ ಮುನ್ನ ಸಿಗುವ ಊರು. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ಹಿಂದೂಪುರ ದಾಟಿದರೆ ಗೌರಿಬಿದನೂರು, ಮಡಕಶಿರಾ ದಾಟಿದರೆ ಪಾವಗಡ, ಶಿರಾ. ರಾಜ್ಯದ ಗಡಿ ಇಲ್ಲಿ ನಕ್ಷೆಯಲ್ಲಿ ಇರುವಷ್ಟು ಖಚಿತವಾಗಿ ನಾಲಿಗೆಯ ಮೇಲಿಲ್ಲ. 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಗುವವರೆಗೆ ಈ ಸೀಮೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಯೂರಿ ಬೈಬಲನ್ನು ಕನ್ನಡಕ್ಕೆ ತಂದದ್ದು ಆ ಬಳ್ಳಾರಿಯಲ್ಲಿ ಕೂತು. ಇವತ್ತು ಇಲ್ಲಿಯ ಮಗು ಶಾಲೆಯಲ್ಲಿ ತೆಲುಗು ಓದುತ್ತದೆ, ಮನೆ ಕನ್ನಡದ್ದಾದರೆ ಅಜ್ಜಿಯೊಂದಿಗೆ ಕನ್ನಡ ಆಡುತ್ತದೆ, ಪಕ್ಕದ ಬೀದಿಯ ಗೆಳೆಯನಿಂದ ಉರ್ದುವಿನ ಬೈಗುಳ ಕಲಿಯುತ್ತದೆ. ಸುತ್ತ ಶೇಂಗಾ ಹೊಲ, ಹಿಂದೂಪುರದ ರೇಷ್ಮೆಗೂಡಿನ ಮಾರುಕಟ್ಟೆ, ಮಗ್ಗದ ಸದ್ದು. ಈಚೆಗೆ ಪೆನುಕೊಂಡೆಯ ಬಳಿ ಕಿಯಾ ಕಾರಿನ ಕಾರ್ಖಾನೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ, ಅದೂ ಬಂದರೆ.

ಇಂಥ ಸೀಮೆಯ ಸಣ್ಣ ಸಭೆಗಳಲ್ಲಿ ಮಕ್ಕಳ ತರಗತಿ ಹೇಗೆ ನಡೆಯುತ್ತದೆ ಎಂಬುದು ಕ್ರೈಸ್ತರಿಗೆಲ್ಲ ಗೊತ್ತು. ದಕ್ಷಿಣ ಭಾರತದ ಎಲ್ಲ ಕಡೆಯೂ ಹೆಚ್ಚುಕಡಿಮೆ ಅದೇ. ಮೊದಲು ಹಾಡು. ಕೈ ಎತ್ತಿ, ಕೈ ಇಳಿಸಿ, ಚಪ್ಪಾಳೆ, ಒಂದು ಸುತ್ತು ತಿರುಗಿ. ಮಕ್ಕಳ ಮೈಯ ಚುರುಕು ಸ್ವಲ್ಪ ಇಳಿದ ಮೇಲೆ ಕೂರಿಸಿ ಚಿತ್ರದ ಹಾಳೆ ತೋರಿಸುತ್ತ ಕಥೆ. ಕಥೆಯ ಕೊನೆಗೆ ಅದರ ಪಾಠ. ಆಮೇಲೆ ಬಾಯಿಪಾಠದ ವಚನ, ಪ್ರಾರ್ಥನೆ, ಬಿಸ್ಕತ್ತು. ಬೇಸಿಗೆ ರಜೆಯ ವಿ.ಬಿ.ಎಸ್. (ವೆಕೇಶನ್ ಬೈಬಲ್ ಸ್ಕೂಲ್) ಇದರದೇ ದೊಡ್ಡ ರೂಪ. ಅದರ ಮೂಲವೂ ಸ್ವಾರಸ್ಯದ್ದು: 1898ರಲ್ಲಿ ನ್ಯೂಯಾರ್ಕಿನ ಬಡ ಮಕ್ಕಳು ಬೇಸಿಗೆ ರಜೆಯಲ್ಲಿ ಬೀದಿ ಅಲೆಯುವುದನ್ನು ಕಂಡ ಎಲೈಜಾ ಹಾಸ್ ಎಂಬ ಮಹಿಳೆ ಒಂದು ಬಿಯರ್ ಅಂಗಡಿಯ ಹಾಲ್ ಅನ್ನು ಬಾಡಿಗೆಗೆ ಹಿಡಿದು ಅಲ್ಲಿ ಶಾಲೆ ನಡೆಸಿದರು. ಬಿಯರಿನ ಜಾಗದಲ್ಲಿ ಬೈಬಲ್ ಕಲಿಸಿದ ಆ ಧೈರ್ಯ ಇವತ್ತಿನ ಅಚ್ಚಾದ ಪಠ್ಯಕ್ರಮಗಳಲ್ಲಿ ಎಲ್ಲಿ ಹೋಯಿತೋ.

ಈ ಕ್ರಮದಲ್ಲಿ ಕಥೆಯೂ ಇದೆ, ಹಾಡೂ ಇದೆ. ಆದರೆ ಎರಡೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗೆ ಇವೆ. ಹಾಡಿನ ಕೆಲಸ ಮಕ್ಕಳನ್ನು ದಣಿಸುವುದು, ಕಥೆಯ ಕೆಲಸ ಪಾಠಕ್ಕೆ ದಾರಿ ಮಾಡುವುದು. ಕೀರ್ತನೆಗಳ ಪುಸ್ತಕ ಹುಟ್ಟಿದ್ದು ಮಕ್ಕಳನ್ನು ದಣಿಸಲಿಕ್ಕಲ್ಲ. ಯೇಸು ಹೇಳಿದ ಸಾಮ್ಯಗಳಲ್ಲಿ ಹಲವಕ್ಕೆ ಕೊನೆಯಲ್ಲಿ ಪಾಠವೇ ಇಲ್ಲ. ಮನೆ ಬಿಟ್ಟುಹೋದ ಕಿರಿಮಗ ಹಿಂತಿರುಗಿದ ಕಥೆಯಲ್ಲಿ ಹಿರಿಯ ಮಗ ಅಂಗಳದಲ್ಲಿ ಮುನಿಸಿಕೊಂಡು ನಿಂತೇ ಇರುತ್ತಾನೆ. ಒಳಗೆ ಹೋದನೋ ಇಲ್ಲವೋ ಸುವಾರ್ತೆ ಬರೆದ ಲೂಕ ಹೇಳುವುದಿಲ್ಲ. ಯೋನನ ಪುಸ್ತಕವಂತೂ ಮುಗಿಯುವುದೇ ದೇವರು ಕೇಳುವ ಒಂದು ಪ್ರಶ್ನೆಯಿಂದ. ನಾವು ಮಕ್ಕಳಿಗೆ ಹೇಳುವ ಯೋನನ ಕಥೆ ಮೀನು ಅವನನ್ನು ದಡಕ್ಕೆ ಕಾರಿದಲ್ಲಿಗೆ ನಿಂತುಬಿಡುತ್ತದೆ. ನಿನೆವೆ ಉಳಿಯಿತಲ್ಲ ಎಂದು ಅವನು ಸಿಟ್ಟಾಗಿ ಬಿಸಿಲಲ್ಲಿ ಕೂತದ್ದನ್ನು, ಶತ್ರುಗಳ ಊರಿನ ಮಕ್ಕಳ ಮೇಲೂ ದನಗಳ ಮೇಲೂ ದೇವರಿಗೆ ಕರುಣೆ ಇದ್ದದ್ದನ್ನು ಬಿಟ್ಟು ಬರಿಯ ಮೀನನ್ನು ಕೊಡುತ್ತೇವೆ.

ಹಾಡಿನ ಸ್ವಭಾವವನ್ನು ನೋಡಿ. ಅದು ಒಳಗೆ ಬರುವಾಗ ಅಪ್ಪಣೆ ಕೇಳುವುದಿಲ್ಲ. ಆಡಿದ ಮಾತನ್ನು ಮಗು ಹೌದೇ ಎಂದು ತೂಗಿ ನೋಡೀತು. ಹಾಡಿದ ಮಾತನ್ನು ತೂಗುವುದಕ್ಕೆ ಹೊತ್ತೇ ಸಿಗುವುದಿಲ್ಲ, ಅಷ್ಟರಲ್ಲಿ ತಾನೇ ಹಾಡುತ್ತಿರುತ್ತದೆ. ಹತ್ತು ಮಕ್ಕಳು ಒಟ್ಟಿಗೆ ಹಾಡುವಾಗ ಒಂದು ಮಗು ಮಾತ್ರ ಬಾಯಿ ಮುಚ್ಚಿ ಯೋಚಿಸುತ್ತ ಕೂರುವುದು ಸಾಧ್ಯವೇ? ಹಾಡಿನ ಬಲ ಅದೇ, ಭಯವೂ ಅದೇ. ಜಾಹೀರಾತಿನವರಿಗೂ ರಾಜಕೀಯ ಪಕ್ಷಗಳಿಗೂ ಇದು ಚೆನ್ನಾಗಿ ಗೊತ್ತು. ಧರ್ಮಗಳಿಗೆ ಅವರಿಗಿಂತ ಮೊದಲೇ ಗೊತ್ತಿತ್ತು. ಮೋಶೆ ಸಾಯುವ ಮುನ್ನ ಅವನಿಗೊಂದು ಹಾಡನ್ನು ಬರೆದು ಜನರಿಗೆ ಕಲಿಸುವಂತೆ ಅಪ್ಪಣೆಯಾಗುತ್ತದೆ. ಧರ್ಮೋಪದೇಶಕಾಂಡದ 31ನೇ ಅಧ್ಯಾಯದಲ್ಲಿ ಅದರ ಕಾರಣವೂ ಇದೆ. ಮುಂದೆ ಜನ ಹಾಲು ಜೇನು ಹರಿಯುವ ನಾಡಿಗೆ ಹೋಗಿ ತಿಂದು ಕೊಬ್ಬಿ ಎಲ್ಲವನ್ನೂ ಮರೆಯುತ್ತಾರೆ, ಆದರೆ ಹಾಡು ಅವರ ಸಂತತಿಯ ಬಾಯಲ್ಲಿ ಉಳಿದಿರುತ್ತದೆ, ಅದೇ ಅವರ ಮೇಲೆ ಸಾಕ್ಷಿ ಹೇಳುತ್ತದೆ ಎಂದು. ಹಾಡಿದವನ ವಿರುದ್ಧವೇ ಸಾಕ್ಷಿ ನಿಲ್ಲುವ ಹಾಡು! ಮಕ್ಕಳ ಹಾಡುಗಳನ್ನು ಕಟ್ಟುವವರಲ್ಲಿ ಎಷ್ಟು ಮಂದಿ ಈ ಅಳತೆಯನ್ನು ಕಣ್ಣೆದುರು ಇಟ್ಟುಕೊಂಡಿದ್ದಾರು?

ಕಥೆಯ ಸ್ವಭಾವ ಇದಕ್ಕೆ ತಿರುಗಾಮುರುಗಾ. ಕಥೆ ಕೇಳುವ ಮಗು ಸುಮ್ಮನಿರುವುದಿಲ್ಲ. ಆಮೇಲೆ? ಯಾಕೆ? ಅವನಮ್ಮ ಎಲ್ಲಿದ್ದಳು? ಸಿಂಹಕ್ಕೆ ಹಸಿವಾಗಲಿಲ್ಲವಾ? ಅಜ್ಜಿ ಕಥೆಯಲ್ಲಿ ಹೂಂಗುಟ್ಟುವುದು ಬರಿಯ ಶಿಷ್ಟಾಚಾರವಲ್ಲ, ಮಗು ಅಲ್ಲಿ ತನ್ನ ಪಾಲು ಕೇಳುತ್ತಿದೆ. ಹಾಗಾಗಿ ಕಥೆಯೂ ಹಾಡೂ ಒಂದಕ್ಕೊಂದು ಬೇಕಾಗಿರುವುದು ರುಚಿಗಲ್ಲ, ನ್ಯಾಯಕ್ಕೆ. ಹಾಡು ಅಪ್ಪಣೆ ಕೇಳದೆ ಒಳನುಗ್ಗುವುದನ್ನು ಕಥೆ ಎಬ್ಬಿಸುವ ಪ್ರಶ್ನೆ ತಡೆದು ವಿಚಾರಿಸಬೇಕು. ಕಥೆ ಕೆರಳಿಸಿ ಕೈಬಿಡುವ ಪ್ರಶ್ನೆಯನ್ನು ಹಾಡು ಎತ್ತಿಕೊಂಡು ಮನೆಯವರೆಗೆ ತಲುಪಿಸಬೇಕು. ಪ್ರಶ್ನೆ ಹುಟ್ಟುವ ಮೊದಲೇ ಹಾಡು ಉತ್ತರ ಕೊಟ್ಟುಬಿಟ್ಟರೆ ಕಥೆ ಸತ್ತಂತೆಯೇ.

ಜಕ್ಕಾಯನ ಗತಿ ನೋಡಿ. ಅವನ ಮೇಲೆ ಎಷ್ಟೊಂದು ಭಾಷೆಗಳಲ್ಲಿ ಮಕ್ಕಳ ಹಾಡುಗಳಿವೆ. ಗಿಡ್ಡ, ಮರ ಹತ್ತಿದ, ಯೇಸು ನೋಡಿದರು, ಇಳಿದು ಬಾ ಅಂದರು, ಮನೆಗೆ ಹೋದರು. ನಾನು ಕೇಳಿದ ಹಾಡುಗಳೆಲ್ಲ ಅಲ್ಲಿಗೆ ಮುಗಿದವು. ಲೂಕನ ಕಥೆ ಅಲ್ಲಿಂದ ಶುರುವಾಗುತ್ತದೆ. ಜಕ್ಕಾಯ ಸುಂಕದವರ ಮುಖ್ಯಸ್ಥ, ಐಶ್ವರ್ಯವಂತ. ಊಟದ ಮನೆಯಲ್ಲಿ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ಅದರ ನಾಲ್ಕರಷ್ಟು ವಾಪಸ್ ಎನ್ನುತ್ತಾನೆ. ಶೇಂಗಾ ಬೀಜಕ್ಕೆ, ಬೋರ್‌ವೆಲ್ಲಿಗೆ ಸಾಲ ಮಾಡಿದ ಮನೆಯಿಂದ ಬಂದ ಮಗುವಿಗೆ ಮರ ಹತ್ತುವುದು ದೊಡ್ಡ ಸಂಗತಿಯೇನಲ್ಲ, ದಿನಾ ಹತ್ತುತ್ತದೆ. ವಸೂಲಿ ಮಾಡುವವನು ಮನೆ ಬಾಗಿಲಿಗೆ ಬಂದು ಕಿತ್ತುಕೊಂಡದ್ದನ್ನು ನಾಲ್ಕುಪಟ್ಟು ಹಿಂದಿರುಗಿಸಿದ ಎಂಬುದು ಅದಕ್ಕೆ ಸುದ್ದಿ. ಆ ಸುದ್ದಿಯನ್ನೇ ಹಾಡಿನಿಂದ ಬಿಟ್ಟು, ಗಿಡ್ಡ ಮನುಷ್ಯನ ತಮಾಷೆಯನ್ನು ಉಳಿಸಿಕೊಂಡೆವು. ಇದು ಮಕ್ಕಳ ವಯಸ್ಸು ನೋಡಿ ಬಿಟ್ಟದ್ದೋ, ದೊಡ್ಡವರ ಅನುಕೂಲ ನೋಡಿ ಬಿಟ್ಟದ್ದೋ?

ಕಥೆಯೊಳಗೆ ಹಾಡು ಎಲ್ಲಿ ಬರಬೇಕು ಎಂಬುದನ್ನು ಈ ಸೀಮೆಯ ಕಲಾವಿದರು ಚರ್ಚಿನವರಿಗಿಂತ ಚೆನ್ನಾಗಿ ಬಲ್ಲರು. ಧರ್ಮಾವರಂ ಹತ್ತಿರದ ನಿಮ್ಮಲಕುಂಟೆಯಲ್ಲಿ ತೊಗಲುಗೊಂಬೆಯಾಟದ ಮನೆತನಗಳಿವೆ. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ರಾವಣನೂ ಹನುಮಂತನೂ ಪರದೆಯ ಮೇಲೆ ಎದುರಾದಾಗ ಮಾತು ಮಾತಿಗೆ ಬೆಳೆಯುತ್ತದೆ, ಇನ್ನು ಮಾತು ಮುಂದೆ ಹೋಗದು ಅನ್ನುವ ಕಡೆ ಹಾಡು ಏಳುತ್ತದೆ. ಆ ಹಾಡು ಕಥೆಯ ಸಾರಾಂಶವಲ್ಲ, ಆ ಪಾತ್ರದ ಬಾಯಿ. ನಡುವೆ ಹಾಸ್ಯದ ಗೊಂಬೆಗಳಾದ ಕೇತಿಗಾಡು, ಬಂಗಾರಕ್ಕ ನುಗ್ಗಿ ರಾಮಾಯಣಕ್ಕೆ ಸಂಬಂಧವೇ ಇಲ್ಲದ ಜಗಳ ತೆಗೆಯುತ್ತಾರೆ, ಮಕ್ಕಳು ನಿದ್ದೆಯಿಂದ ಎದ್ದು ಕೂರುತ್ತಾರೆ. ಬುರ್ರಕಥೆಯಲ್ಲಿ ಮೂವರು. ನಡುವಿನವನು ತಂಬೂರಿ ಹಿಡಿದು ಕಥೆ ನಡೆಸುತ್ತಾನೆ. ಪಕ್ಕದ ಇಬ್ಬರು ಡಕ್ಕಿ ಬಾರಿಸುತ್ತ ಪಲ್ಲವಿ ಹಿಡಿಯುತ್ತಾರೆ. ಒಬ್ಬ ನಗಿಸುವವನು, ಇನ್ನೊಬ್ಬ ಇವತ್ತಿನ ಊರಿನ ಸಂಗತಿ ಎತ್ತಿ ಅಡ್ಡ ಮಾತಾಡುವವನು. ಕಥೆಗಾರನನ್ನು ತಡೆದು ಪ್ರಶ್ನೆ ಕೇಳುವುದಕ್ಕೆಂದೇ ಒಬ್ಬನನ್ನು ವೇದಿಕೆಯ ಮೇಲೆ ನಿಲ್ಲಿಸಿದ ಕಲೆ ಅದು. ಗಡಿಯ ಈಚೆ ನಮ್ಮ ಗಮಕದಲ್ಲೂ ಇದೇ ಬುದ್ಧಿವಂತಿಕೆ: ಒಬ್ಬರು ಕುಮಾರವ್ಯಾಸನನ್ನು ರಾಗವಾಗಿ ವಾಚಿಸಿದರೆ ಇನ್ನೊಬ್ಬರು ನಿಲ್ಲಿಸಿ ನಿಲ್ಲಿಸಿ ಬಿಡಿಸಿ ಹೇಳುತ್ತಾರೆ. ಹಾಡಿಗೂ ಮಾತಿಗೂ ಬೇರೆ ಬೇರೆ ಬಾಯಿ, ಸಾಗುವ ದಾರಿ ಒಂದೇ.

ತೆಲುಗು ಸಭೆಗಳಲ್ಲಿ ಕ್ರಿಸ್ಮಸ್ ರಾತ್ರಿಗೆ ಬುರ್ರಕಥೆಯ ಧಾಟಿಯಲ್ಲಿ ಬೈಬಲ್ ಕಥೆ ಹೇಳುವುದು ಹೊಸದಲ್ಲ. ಅದು ದೊಡ್ಡವರ ಹಬ್ಬದ ಕಾರ್ಯಕ್ರಮವಾಗಿ ಉಳಿಯಿತು. ಮಕ್ಕಳ ತರಗತಿಗೆ ಮಾತ್ರ ಅಚ್ಚಾದ ಪುಸ್ತಕ, ಹೊರಗಿನ ಮಟ್ಟು, ಕೈಸನ್ನೆ.

ಇಲ್ಲಿಯ ಮಕ್ಕಳಿಗೆ ಹೇಳಬೇಕಾದ ಒಂದೇ ಕಥೆ ಆರಿಸು ಎಂದರೆ ನಾನು ನೋಹನ ಪ್ರಳಯವನ್ನು ಬಿಟ್ಟು ಪ್ರವಾದಿ ಎಲೀಯನ ಬರಗಾಲವನ್ನು ಹಿಡಿಯುತ್ತೇನೆ. ಒಣಗಿದ ಕೆರೆಯ ತಳದಲ್ಲಿ ಕ್ರಿಕೆಟ್ ಆಡುವ ಮಕ್ಕಳಿಗೆ ನಾವೆ ಒಂದು ಆಟಿಕೆ. ಬರಗಾಲ ಮನೆಯ ನೆಂಟ. ಒಂದನೆಯ ಅರಸುಗಳ ಪುಸ್ತಕದಲ್ಲಿ ಆ ಕಥೆ ಇದೆ. ಮಳೆಯಿಲ್ಲದೆ ಹಳ್ಳ ಬತ್ತಿಹೋಗುತ್ತದೆ. ಸೀದೋನಿನ ಸೀಮೆಯ ಒಬ್ಬ ವಿಧವೆ ಊರಬಾಗಿಲ ಬಳಿ ಸೌದೆ ಆರಿಸುತ್ತಿರುತ್ತಾಳೆ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಮೊಗೆಯಲ್ಲಿ ಚೂರು ಎಣ್ಣೆ. ರೊಟ್ಟಿ ಮಾಡಿ ಮಗನೊಂದಿಗೆ ತಿಂದು ಆಮೇಲೆ ಸಾಯುವುದೆಂದು ಲೆಕ್ಕ ಹಾಕಿದ್ದಾಳೆ. ಎಲೀಯ ಬಂದು ನೀರು ಕೇಳುತ್ತಾನೆ, ರೊಟ್ಟಿಯನ್ನೂ ಕೇಳುತ್ತಾನೆ, ಅದೂ ಮೊದಲು ತನಗೆ ಕೊಡು ಎನ್ನುತ್ತಾನೆ. ಇಲ್ಲಿ ನಿಲ್ಲಿಸಿ ನೋಡಿ. ಯಾವುದಾದರೂ ಒಂದು ಮಗು, ಸಾಮಾನ್ಯವಾಗಿ ತಂಗಿ ತಮ್ಮಂದಿರನ್ನು ಸೊಂಟದ ಮೇಲೆ ಹೊತ್ತು ತರುವ ಹುಡುಗಿ, ಕೇಳಿಯೇ ಕೇಳುತ್ತಾಳೆ: ಮಗುವಿಗೆ ಕೊಡದೆ ಮೊದಲು ತನಗೆ ಕೊಡು ಅಂತ ಯಾಕೆ ಕೇಳಿದ?

ಆ ಪ್ರಶ್ನೆಗೆ ತಕ್ಷಣ ಉತ್ತರ ಕೊಡುವ ಟೀಚರ್ ಕಥೆಯನ್ನು ಅಲ್ಲೇ ಹೂತರು. ನಂಬಿಕೆ ಪರೀಕ್ಷಿಸಲಿಕ್ಕೆ ಎಂಬ ಸಿದ್ಧ ಉತ್ತರ ಇದೆ. ಅದು ತಪ್ಪೂ ಅಲ್ಲದಿರಬಹುದು. ಆದರೆ ಹಸಿದವರ ಕೈಯ ಕೊನೆಯ ತುತ್ತನ್ನು ದೇವರ ಹೆಸರಲ್ಲಿ ಕೇಳುವವರು ಇವತ್ತಿಗೂ ಇದ್ದಾರೆ, ಆ ಹುಡುಗಿ ಮುಂದೆ ಅಂಥವರನ್ನು ಎದುರಿಸಬೇಕಾದವಳು. ಅವಳ ಪ್ರಶ್ನೆ ಅವಳಿಗೆ ಬೇಕು. ಆ ವಿಧವೆಯೂ ಬಾಯಿಲ್ಲದವಳೇನಲ್ಲ. ಮುಂದೆ ಮಗ ಉಸಿರು ಬಿಟ್ಟಾಗ ಎಲೀಯನನ್ನು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಪ್ರವಾದಿ ಬೈಯುವುದಿಲ್ಲ; ಮಗುವನ್ನು ಎತ್ತಿಕೊಂಡು ಅಟ್ಟಕ್ಕೆ ಹೋಗಿ ತಾನೂ ಅದೇ ಪ್ರಶ್ನೆಯನ್ನು ದೇವರಿಗೆ ಕೇಳುತ್ತಾನೆ. ಹಾಡು ಕಟ್ಟುವುದಾದರೆ ಇಲ್ಲಿ ಕಟ್ಟಿ, ಅವಳ ಬಾಯಿಂದ. ಹಿಟ್ಟು ಮುಗಿಯಲಿಲ್ಲ ಎಣ್ಣೆ ತೀರಲಿಲ್ಲ ಎಂಬ ಸಂತೋಷದ ಹಾಡು ಯಾರಾದರೂ ಬರೆಯುತ್ತಾರೆ. ಮಡಕೆಯ ತಳ ಕೆರೆಯುವ ಸದ್ದಿನ ಹಾಡು, ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳುವ ಹಾಡು ಬರೆಯುವುದು ಕಷ್ಟ. ನಮ್ಮ ಹಳ್ಳಿಯ ಬೀಸುವ ಪದಗಳಿಗೆ ಇದು ಗೊತ್ತಿತ್ತು. ತವರು, ಅತ್ತೆಮನೆ, ಸತ್ತ ಕೂಸು, ಬಾರದ ಮಳೆ ಎಲ್ಲವನ್ನೂ ಅವು ದೇವರ ಮುಂದೆಯೇ ಇಟ್ಟು ಹಾಡಿದವು. ಪಕ್ಕದಲ್ಲಿ ಮಲಗಿದ್ದ ಮಕ್ಕಳು ಕೇಳುತ್ತ ಕೇಳುತ್ತ ಕಲಿತರು.

ಕಥೆಯ ಕೊನೆಯಲ್ಲಿ ಎಲೀಯ ಕರ್ಮೆಲ್ ಬೆಟ್ಟದ ತುದಿ ಹತ್ತಿ ನೆಲಕ್ಕೆ ಬಾಗಿ, ಮುಖವನ್ನು ಮೊಣಕಾಲುಗಳ ನಡುವೆ ಇಟ್ಟು ಕೂರುತ್ತಾನೆ. ಸಮುದ್ರದ ಕಡೆ ನೋಡಿ ಬಾ ಎಂದು ಆಳನ್ನು ಕಳಿಸುತ್ತಾನೆ. ಆಳು ಹೋಗಿ ನೋಡಿ ಬಂದು ಏನೂ ಇಲ್ಲ ಎನ್ನುತ್ತಾನೆ. ಮತ್ತೆ ಹೋಗು. ಹೀಗೆ ಏಳು ಸಲ. ಏಳನೆಯ ಸಲ ಅಂಗೈಯಷ್ಟು ಒಂದು ಮೋಡ. ಬರೆದವನು ಕಥೆಗಾರನೇ ಸರಿ. ಪಲ್ಲವಿಯನ್ನು ಕಥೆಯಲ್ಲೇ ನೇಯ್ದಿಟ್ಟಿದ್ದಾನೆ. ಒಬ್ಬ ಹುಡುಗನನ್ನು ಆಳಾಗಿ ಬಾಗಿಲಾಚೆ ಓಡಿಸಿ, ಬಂದಾಗಲೆಲ್ಲ ತರಗತಿಯೆಲ್ಲ ಒಂದೇ ಮಟ್ಟಿನಲ್ಲಿ ಏನೂ ಇಲ್ಲ ಎಂದು ಹಾಡಿದರೆ ಸಾಕು. ಮೂರನೆಯ ಸಲಕ್ಕೆ ನಗು, ಐದನೆಯದಕ್ಕೆ ಬೇಸರ, ಆರನೆಯದಕ್ಕೆ ಕೆಲವು ಮಕ್ಕಳು ಹಾಡುವುದನ್ನೇ ಬಿಟ್ಟಿರುತ್ತಾರೆ. ಬಿಡಲಿ. ಕಾಯುವುದು ಅಂದರೇನು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪ್ರಸಂಗಿಯೂ ಹೇಳಲಾರ. ಮಳೆಗಾಗಿ ಹಾಡುವುದು ಈ ಮಕ್ಕಳಿಗೆ ಹೊಸದೂ ಅಲ್ಲ. ಗಡಿಯ ಈಚೆ ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲೆ ಕೂರಿಸಿ ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ, ಆಚೆ ಕಪ್ಪೆಯನ್ನು ಕಟ್ಟಿಕೊಂಡು ಹೋಗುತ್ತಾರೆ. ಹೆಂಗಸರು ನೀರೆರೆದು ಧಾನ್ಯ ಕೊಡುತ್ತಾರೆ. ಆ ಹಾಡಿನ ಮಟ್ಟನ್ನೇ ಎಲೀಯನ ಕಥೆಗೆ ತಂದರೆ ಮೈಲಿಗೆಯೇನೂ ಆಗದು.

ಇದೇ ಕಥೆಯ ನಡುವೆ ಒಂದು ಮುಳ್ಳಿದೆ, ಅದನ್ನು ಬಚ್ಚಿಡಬಾರದು. ಮಳೆಗೆ ಸ್ವಲ್ಪ ಮುಂಚೆ, ಯಾರ ದೇವರು ಬೆಂಕಿ ಇಳಿಸುತ್ತಾನೆ ಎಂಬ ಪಂಥದಲ್ಲಿ ಸೋತ ಬಾಳ ದೇವರ ಪ್ರವಾದಿಗಳ ಸಂಹಾರ ನಡೆಯುತ್ತದೆ. ಮಕ್ಕಳ ಪುಸ್ತಕಗಳು ಬೆಂಕಿ ಇಳಿದದ್ದನ್ನು ತೋರಿಸಿ ಕೊಲೆಯನ್ನು ಹಾರಿಸುತ್ತವೆ. ಹಾಡುಗಳು ಗೆಲುವನ್ನು ಮಾತ್ರ ಉಳಿಸಿಕೊಳ್ಳುತ್ತವೆ. ನಮ್ಮ ದೇವರು ಗೆದ್ದ, ಅವರ ದೇವರು ಸೋತ ಎಂದು ಕುಣಿದು ಹಾಡಿದ ಮಗು ಸೋಮವಾರ ಶಾಲೆಯಲ್ಲಿ ಯಾರ ಪಕ್ಕ ಕೂರುತ್ತದೆ? ಪೆನುಕೊಂಡೆಯ ಬಾಬಯ್ಯನ ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ. ಗೂಗುಡಿನ ಕುಳ್ಳಾಯಸ್ವಾಮಿಯ ಪೀರಲ ಹಬ್ಬದಲ್ಲಿ ಹಿಂದೂಗಳೂ ಕೊಂಡ ಹಾಯುತ್ತಾರೆ. ಆ ಬದುಕಿನಿಂದ ಬಂದ ಮಗುವಿಗೆ ಸೋಲಿಸುವ ಹಾಡನ್ನು ಕಲಿಸುವುದು ಅಪಾಯ, ಏಕೆಂದರೆ ಮೊದಲೇ ಹೇಳಿದ ಹಾಗೆ ಹಾಡು ವಿಚಾರಣೆಗೆ ಸಿಗುವುದಿಲ್ಲ. ಈ ಭಾಗವನ್ನು ದೊಡ್ಡ ಮಕ್ಕಳಿಗೆ ಕಥೆಯಾಗಿ ಹೇಳಿ, ಪ್ರಶ್ನೆ ಬರಲಿ, ಕೂತು ಮಾತಾಡಿ. ಹಾಡಾಗಿ ಮಾತ್ರ ಬೇಡ. ಹಾಡಬಾರದ ಕಥೆಗಳೂ ಇವೆ ಎಂದು ತಿಳಿದಿರುವುದು ಕಲಿಸುವವರ ವಿವೇಕದ ದೊಡ್ಡ ಪಾಲು.

ಕ್ರೈಸ್ತರು ಇದನ್ನೆಲ್ಲ ಹಿಂದೆ ಯೋಚಿಸಿಯೇ ಇರಲಿಲ್ಲ ಎನ್ನುವಂತಿಲ್ಲ. 1579ರಲ್ಲಿ ಗೋವೆಗೆ ಬಂದ ಇಂಗ್ಲೆಂಡಿನ ಜೆಸ್ವಿಟ್ ಪಾದ್ರಿ ತಾಮಸ್ ಸ್ಟೀಫನ್ಸ್ ಮರಾಠಿಯಲ್ಲಿ, ನಡುನಡುವೆ ಕೊಂಕಣಿ ಸೇರಿಸಿ, ಹತ್ತು ಸಾವಿರಕ್ಕೂ ಹೆಚ್ಚು ಓವಿಗಳ ಕ್ರಿಸ್ತಪುರಾಣ ಬರೆದರು, 1616ರಲ್ಲಿ ಅಚ್ಚಾಯಿತು. ಅದು ಹುಟ್ಟಿದ ಸಂದರ್ಭವನ್ನು ಕಾವ್ಯದ ಆರಂಭದಲ್ಲಿ ಅವರೇ ಹೇಳುತ್ತಾರೆ. ಸಾಸಷ್ಟಿಯ ಒಂದು ಇಗರ್ಜಿಯಲ್ಲಿ ಮಕ್ಕಳಿಗೆ ಧರ್ಮೋಪದೇಶದ ಪಾಠ ನಡೆಯುತ್ತಿದ್ದಾಗ, ಹೊಸದಾಗಿ ಕ್ರೈಸ್ತನಾದ ಬ್ರಾಹ್ಮಣನೊಬ್ಬ ಎದ್ದು, ಈ ಪಾಠ ಒಳ್ಳೆಯದೇ, ಆದರೆ ನಾವು ಬಿಟ್ಟುಬಂದ ಪುರಾಣಗಳ ಜಾಗದಲ್ಲಿ ನಮಗೆ ಹಾಡಿಕೊಳ್ಳಲು ಏನಿದೆ ಎಂಬರ್ಥದ ಪ್ರಶ್ನೆ ಕೇಳಿದನಂತೆ. ನಾಲ್ಕು ಶತಮಾನದ ಹಿಂದೆ, ಮಕ್ಕಳ ಪಾಠದ ನಡುವೆಯೇ ಬಂದ ಪ್ರಶ್ನೆ! ಅದಕ್ಕೆ ಸಿಟ್ಟಾಗದೆ ಒಂದು ಮಹಾಕಾವ್ಯದಿಂದ ಉತ್ತರಿಸಿದ ಸ್ಟೀಫನ್ಸರನ್ನು ನಾನು ಮೆಚ್ಚುತ್ತೇನೆ. 1907ರಲ್ಲಿ ಜೋಸೆಫ್ ಸಲ್ಡಾನಾ ಅದನ್ನು ಮಂಗಳೂರಿನಲ್ಲಿ ಮತ್ತೆ ಅಚ್ಚು ಹಾಕಿಸಿದರು. ಕನ್ನಡದಲ್ಲಿ ಕಿಟೆಲ್ 1862ರಲ್ಲಿ ಕಥಾಮಾಲೆ ಎಂಬ ಹೆಸರಿನಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸುಗಳಲ್ಲಿ ಕಟ್ಟಿದರು. ಮುಂದೆ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದ, 1894ರ ನಿಘಂಟನ್ನು ಕೊಟ್ಟ ಅದೇ ಕಿಟೆಲ್. ನಿಘಂಟು ಎಲ್ಲರಿಗೂ ಗೊತ್ತು. ಕಥಾಮಾಲೆಯನ್ನು ಹಾಡುವವರು ಎಲ್ಲಿದ್ದಾರೆ?

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಯೆಹೂದ್ಯರ ಪಸ್ಕ ಹಬ್ಬದ ಪದ್ಧತಿ. ಮುಂದೆ ನಿಮ್ಮ ಮಕ್ಕಳು ಈ ಆಚರಣೆಯ ಅರ್ಥವೇನೆಂದು ಕೇಳಿದರೆ ಹೀಗೆ ಹೇಳಿ ಎಂಬ ಮಾತು ವಿಮೋಚನಕಾಂಡದಲ್ಲೇ ಬರುತ್ತದೆ. ಅದನ್ನು ಅನುಸರಿಸಿ ಹಬ್ಬದ ರಾತ್ರಿ ಊಟದ ಮೇಜಿನ ಮುಂದೆ ಮನೆಯ ಅತಿ ಚಿಕ್ಕ ಮಗು ನಾಲ್ಕು ಪ್ರಶ್ನೆಗಳನ್ನು ಹಾಡುತ್ತದೆ: ಈ ರಾತ್ರಿ ಬೇರೆ ರಾತ್ರಿಗಳಿಗ್ಯಾಕೆ ಸಮನಲ್ಲ ಎಂಬ ಧಾಟಿಯ ಪ್ರಶ್ನೆಗಳು. ದೊಡ್ಡವರು ಅದಕ್ಕೆ ಉತ್ತರವಾಗಿ ಐಗುಪ್ತದ ಗುಲಾಮಗಿರಿಯ ಕಥೆ ಹೇಳಬೇಕು. ಆ ಪ್ರಶ್ನೆಗಳನ್ನು ಕೇಳದೆ ಕಥೆ ಶುರುವಾಗುವಂತಿಲ್ಲ. ಇಲ್ಲಿ ಹಾಡಿನಲ್ಲಿ ಇರುವುದು ಪ್ರಶ್ನೆ, ಅದೂ ಮಗುವಿನದು. ನಮ್ಮ ತರಗತಿಗಳು ಇದನ್ನು ತಲೆಕೆಳಗು ಮಾಡಿವೆ: ಕಥೆ ದೊಡ್ಡವರದು, ಹಾಡಿನಲ್ಲಿ ಇರುವುದು ಉತ್ತರ, ಮಗುವಿಗೆ ಉಳಿಯುವುದು ಅದನ್ನು ಒಪ್ಪಿಸುವ ಕೆಲಸ. ಮಕ್ಕಳು ಹದಿನೈದಕ್ಕೆ ಬರುವಷ್ಟರಲ್ಲಿ ಸಂಡೇ ಸ್ಕೂಲಿಗೆ ಬೆನ್ನು ಹಾಕುವುದಕ್ಕೆ ಮೊಬೈಲನ್ನು ಬೈಯುವವರು ಇದನ್ನೂ ಒಮ್ಮೆ ಯೋಚಿಸಬಹುದು. ಪ್ರಶ್ನೆಯ ವಯಸ್ಸು ಬಂದಾಗ ಅವರ ಬಾಯಲ್ಲಿ ಇರುವ ಹಾಡುಗಳಲ್ಲಿ ಒಂದು ಪ್ರಶ್ನೆಯೂ ಇರುವುದಿಲ್ಲ.

ಹಾಡಿನೊಳಗೆ ಪ್ರಶ್ನೆ ಇರುವುದು ಕನ್ನಡದ ಮಕ್ಕಳಿಗೆ ಕಾಣದ ಸಂಗತಿಯಲ್ಲ. ಗೋವಿನ ಹಾಡನ್ನು ಕೇಳಿ ಬೆಳೆದವರು ನಾವು. ಕಥೆಯೇ ಹಾಡು, ಹಾಡೇ ಕಥೆ. ಪುಣ್ಯಕೋಟಿ ಮಾತಿಗೆ ತಪ್ಪದೆ ಬಂದದ್ದು ಎಷ್ಟು ನೆನಪಿದೆಯೋ, ಹುಲಿ ಸತ್ತದ್ದಕ್ಕೆ ಗಂಟಲು ಕಟ್ಟಿದ್ದೂ ಅಷ್ಟೇ ನೆನಪಿದೆ. ಸತ್ಯಕ್ಕೆ ಜಯ ಎಂದು ಮೇಷ್ಟರು ಹಲಗೆಯ ಮೇಲೆ ಬರೆದರೂ, ಪಾಪದ ಹುಲಿ ಯಾಕೆ ಸಾಯಬೇಕಿತ್ತು ಎಂಬ ಪ್ರಶ್ನೆಯನ್ನು ಮಕ್ಕಳು ಬಿಟ್ಟುಕೊಡಲಿಲ್ಲ. ಆ ಹಾಡು ಇಷ್ಟು ಕಾಲ ಬದುಕಿರುವುದು ಆ ಪ್ರಶ್ನೆಯಿಂದಲೇ ಎಂದು ನನ್ನ ಎಣಿಕೆ.

ಭಾಷೆಯ ಚಿಂತೆಯೂ ಇಂಥ ಗಡಿಯೂರುಗಳಲ್ಲಿ ಏಳುತ್ತದೆ. ಆರಾಧನೆ ತೆಲುಗಿನಲ್ಲಿ, ಮನೆ ಕನ್ನಡದಲ್ಲಿ. ಮಗುವಿಗೆ ಯಾವುದರಲ್ಲಿ ಕಲಿಸಬೇಕು? ಇದು ನಾವು ಅಂದುಕೊಂಡಷ್ಟು ದೊಡ್ಡ ತೊಡಕಲ್ಲ. ಕೈವಾರದ ನಾರೇಯಣ ತಾತಯ್ಯ ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು, ಜನ ಎರಡನ್ನೂ ಒಂದೇ ಭಜನೆಯಲ್ಲಿ ಹಾಡುತ್ತಾರೆ. ನಿಮ್ಮಲಕುಂಟೆಯ ಗೊಂಬೆಯಾಟದವರ ಮನೆಮಾತು ಮರಾಠಿ, ಪರದೆಯ ಹಿಂದಿನ ಹಾಡು ತೆಲುಗು. ಕಥೆಯನ್ನು ಮಗು ಪ್ರಶ್ನೆ ಕೇಳುವ ಭಾಷೆಯಲ್ಲಿ ಹೇಳಬೇಕು, ಅಷ್ಟು ಸಾಕು. ಹಾಡು ಯಾವ ಭಾಷೆಯದಾದರೂ ಇರಲಿ.

ಮಟ್ಟಿನ ಬಗ್ಗೆ ಒಂದು ಮಾತು. ಮನಶ್ಶಾಸ್ತ್ರಜ್ಞೆ ವಾಂಡಾ ವಾಲೆಸ್ 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಂದೇ ಮಟ್ಟಿನಲ್ಲಿ ಹಲವು ನುಡಿಗಳನ್ನು ಹಾಡಿ ಕೇಳಿಸಿದಾಗ ಪದ್ಯ ಮಾತಿಗಿಂತ ಚೆನ್ನಾಗಿ ನೆನಪಿನಲ್ಲಿ ಉಳಿಯಿತು. ನುಡಿ ನುಡಿಗೂ ಮಟ್ಟು ಬದಲಾದಾಗ ಆ ಲಾಭ ಸಿಗಲಿಲ್ಲ. ಒಂದೇ ಮಟ್ಟಿಗೆ ನೂರು ಪದ ಕಟ್ಟಿದ ನಮ್ಮ ಬೀಸುವ ಕಲ್ಲಿನ ಅಜ್ಜಿಯರಿಗೆ ಪ್ರಯೋಗ ಬೇಕಿರಲಿಲ್ಲ. ವಿ.ಬಿ.ಎಸ್. ನಡೆಸುವವರಿಗೆ ಬೇಕಾಗಿದೆ, ಅಲ್ಲಿ ದಿನಕ್ಕೊಂದು ಹೊಸ ಹಾಡು, ಹಾಡಿಗೊಂದು ಹೊಸ ಮಟ್ಟು, ಧ್ವನಿವರ್ಧಕದ ಅಬ್ಬರ, ಹತ್ತನೆಯ ದಿನಕ್ಕೆ ಮಕ್ಕಳ ಬಾಯಲ್ಲಿ ಏನೂ ಇಲ್ಲ.

ಹಾಗಾಗಿ ಸೋಮಂದೇಪಲ್ಲಿಯಲ್ಲಾಗಲಿ, ಕಲ್ಯಾಣದುರ್ಗದಲ್ಲಾಗಲಿ, ಗಡಿಯ ಈಚೆ ಪಾವಗಡದಲ್ಲಾಗಲಿ ಬರುವ ಬೇಸಿಗೆಗೆ ಮಕ್ಕಳನ್ನು ಕೂರಿಸಿಕೊಳ್ಳುವ ಅಕ್ಕಂದಿರಲ್ಲಿ, ಅಣ್ಣಂದಿರಲ್ಲಿ ನನ್ನ ಕೋರಿಕೆ ಇಷ್ಟು. ಕೀಬೋರ್ಡನ್ನು ಒಂದು ವಾರ ಮುಚ್ಚಿಡಿ, ಊರಿನ ಭಜನೆಯವರಿಂದ ಒಂದು ಕಂಜೀರ ತನ್ನಿ. ಹತ್ತು ಕಥೆ ಬೇಡ, ಎಲೀಯನದೊಂದೇ ಸಾಕು. ಅದನ್ನೇ ವಾರವಿಡೀ ಹೇಳಿ. ಮಳೆರಾಯನ ಮಟ್ಟು ಬಲ್ಲ ಒಬ್ಬ ಅಜ್ಜಿಯನ್ನು, ಅವರು ಯಾವ ಮತದವರಾದರೂ ಸರಿ, ಕರೆದು ಕೂರಿಸಿಕೊಳ್ಳಿ. ವಿಧವೆಯ ಹಾಡನ್ನು ಮಕ್ಕಳ ಕೈಯಲ್ಲೇ ಕಟ್ಟಿಸಿ, ಪ್ರಾಸ ತಪ್ಪಿದರೆ ತಿದ್ದಬೇಡಿ. ಆ ಹುಡುಗಿ ಕೇಳುವ ಪ್ರಶ್ನೆಗೆ ಮಾತ್ರ ಆ ವಾರ ಉತ್ತರ ಹೇಳಬೇಡಿ.